ಕ್ಷೇತ್ರ ಪ್ರಯೋಗದಲ್ಲಿ ತಾಲೂಕಿನ ಪಶುವೈದ್ಯರನ್ನು ತೊಡಗಿಸಿಕೊಳ್ಳುವ ಬಗೆ

ಕಾಲೇಜಿನ ಕೊಟ್ಟಿಗೆಯಲ್ಲಿ ಗುಣ ತೋರಿದ ಔಷಧವು ಹಾನಗಲ್ಲಿನ ರೈತರ ಎಮ್ಮೆಗೂ ಗುಣ ಕೊಡುತ್ತದೆಂದು ಮೊದಲೇ ಹೇಳಲಾಗದು. ಅಲ್ಲಿನ ಮೇವು, ಹಾಲು ಹಿಂಡುವ ರೀತಿ, ವೈದ್ಯರನ್ನು ಕರೆಯುವ ಮುನ್ನ ಕಳೆದುಹೋಗುವ ದಿನಗಳು ಎಲ್ಲವೂ ಬೇರೆ. ಇದನ್ನು ಬಲ್ಲ ತಾಲೂಕಿನ ಪಶುವೈದ್ಯರನ್ನು, ಪ್ರಯೋಗದ ಪ್ರಶ್ನೆಯನ್ನು ರೂಪಿಸುವಾಗಲೇ ಸಂಶೋಧಕರು ಜೊತೆಗೆ ಕೂರಿಸಿಕೊಳ್ಳಬೇಕು. ಹಾಲಿನ ಮಾದರಿ ತಂದುಕೊಡಲಷ್ಟೇ ಅವರನ್ನು ನೆನೆಯುವುದು ಸರಿಯಲ್ಲ.

ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯದಂಥ ಸಂಸ್ಥೆಯೊಂದು ಕೆಚ್ಚಲು ಬಾವಿನ ಹೊಸ ಚಿಕಿತ್ಸೆಯನ್ನು ಪರೀಕ್ಷಿಸಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಮಿಶ್ರತಳಿ ಹಸುಗಳಲ್ಲಿ ಬಂದ ಫಲಿತಾಂಶವನ್ನು, 2021ರಲ್ಲಿ ತಳಿಯ ಮಾನ್ಯತೆ ಪಡೆದ ಧಾರವಾಡಿ ಎಮ್ಮೆಗೆ ಹಾಗೆಯೇ ಅನ್ವಯಿಸಲಾಗದ ಕಾರಣ, ಯಾವ ಊರಿನಲ್ಲಿ ಯಾವ ರಾಸು ಹೆಚ್ಚು ಎಂಬುದನ್ನು ಮೊದಲು ಸ್ಥಳೀಯ ವೈದ್ಯರಿಂದಲೇ ತಿಳಿಯಬೇಕು. ಅನುಮೋದನೆ ಸಿಗದ ಔಷಧಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಬೇಕು. ನೈತಿಕ ಸಮಿತಿಯ ಒಪ್ಪಿಗೆಯನ್ನೂ, ಸರ್ಕಾರಿ ವೈದ್ಯರಾದರೆ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಲಿಖಿತ ಸಮ್ಮತಿಯನ್ನೂ ಮೊದಲೇ ಪಡೆದಿರಬೇಕು.

ಪ್ರಯೋಗಗಳು ಹೆಚ್ಚಾಗಿ ಕೆಡುವುದು ಯಾವ ರಾಸಿಗೆ ಹೊಸ ಔಷಧ, ಯಾವುದಕ್ಕೆ ಚಾಲ್ತಿಯ ಚಿಕಿತ್ಸೆ ಎಂಬ ಹಂಚಿಕೆಯಲ್ಲಿ. ತೀರಾ ನರಳುತ್ತಿರುವ ಎಮ್ಮೆಯನ್ನು ಕಂಡಾಗ ಹೊಸ ಔಷಧವನ್ನು ಅದಕ್ಕೇ ಕೊಡಬೇಕೆಂದು ಯಾವ ವೈದ್ಯರಿಗಾದರೂ ಅನ್ನಿಸುತ್ತದೆ. ಅದು ಕರುಣೆ, ಆದರೆ ಹೋಲಿಕೆಯನ್ನು ಹಾಳುಮಾಡುತ್ತದೆ. ಆದ್ದರಿಂದ ಯಾವ ಚಿಕಿತ್ಸೆ ಎಂದು ಒಳಗೆ ಬರೆದು, ಕ್ರಮಸಂಖ್ಯೆ ಹಾಕಿ ಮುಚ್ಚಿದ ಲಕೋಟೆಗಳನ್ನು ಕೊಟ್ಟು, ಅರ್ಹ ರಾಸು ಬಂದಾಗ ಸರದಿಯ ಲಕೋಟೆಯನ್ನೇ ಒಡೆಯುವಂತೆ ಕೇಳಿಕೊಳ್ಳಬೇಕು. ಹೋಲಿಕೆಯ ಗುಂಪಿಗೂ ಚಾಲ್ತಿಯಲ್ಲಿರುವ ಉತ್ತಮ ಚಿಕಿತ್ಸೆಯೇ ಸಿಗಬೇಕು.

ಔಷಧ ಕೊಡುವ ಮುನ್ನವೇ ಹಾಲಿನ ಮಾದರಿ ತೆಗೆಯಬೇಕು. ಮೊದಲ ಕೆಲವು ಧಾರೆಗಳನ್ನು ಬಿಟ್ಟು, ಮೊಲೆಯ ತುದಿಯನ್ನು ಶೇ. 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸೀಸೆಯನ್ನು ಓರೆಯಾಗಿ ಹಿಡಿದು ಹಿಂಡಿ, ಕೂಡಲೇ ಮಂಜುಗಡ್ಡೆಯ ಡಬ್ಬಿಗೆ ಸೇರಿಸಬೇಕು. ದಾಖಲೆಯ ನಮೂನೆ ಒಂದೇ ಪುಟದ್ದಿರಲಿ: ರಾಸಿನ ಗುರುತಿನ ಕಿವಿಯೋಲೆಯ 12 ಅಂಕಿ, ಎಷ್ಟನೆಯ ಸೂಲು, ಬಾವು ಬಂದ ಮೊಲೆ, ಕೊಟ್ಟ ಔಷಧ, ಅಡ್ಡಪರಿಣಾಮ. ಬೇರೆಯವರಿಂದ ಈಗಾಗಲೇ ಇಂಜೆಕ್ಷನ್ ಆಗಿದೆಯೇ ಎಂಬ ಪ್ರಶ್ನೆಯೂ ಅದರಲ್ಲಿರಬೇಕು. ವೈದ್ಯರು ಒಂದಕ್ಕೆರಡು ಸಲ ಕೇಳದಿದ್ದರೆ ಮನೆಯವರು ಇದನ್ನು ಹೇಳುವುದಿಲ್ಲ. ದಿನಕ್ಕೆ ಹತ್ತಾರು ಕರೆಗಳಿಗೆ ಓಡುವ ವೈದ್ಯರಿಂದ ಇದಕ್ಕಿಂತ ಹೆಚ್ಚಿನ ಬರವಣಿಗೆಯನ್ನು ನಿರೀಕ್ಷಿಸುವುದು ಅನ್ಯಾಯ.

ರೈತರಿಗೆ ಮುಖ್ಯವಾದ ಪ್ರಶ್ನೆ ಹಾಲಿನದು. ಔಷಧದ ಲೇಬಲ್ಲಿನಲ್ಲಿ ಅವಧಿ ನಮೂದಾಗಿಲ್ಲದಿದ್ದರೆ ಕನಿಷ್ಠ 7 ದಿನ ಹಾಲನ್ನು ಬಳಕೆಗೆ ಬಿಡಬಾರದೆಂದು ದೇಶದ ಔಷಧ ನಿಯಮವೇ ಹೇಳುತ್ತದೆ. ಪ್ರಯೋಗದ ಔಷಧಕ್ಕೆ ಅವಧಿ ಇನ್ನೂ ಹೆಚ್ಚಾಗಬಹುದು. ಅಷ್ಟು ದಿನ ಡೇರಿಗೆ ಹಾಕಲಾಗದ ಹಾಲಿನ ಹಣವನ್ನು ಯಾರು, ಯಾವ ದರದಲ್ಲಿ, ಯಾವಾಗ ಕೊಡುತ್ತಾರೆ ಎಂಬುದನ್ನು ಕನ್ನಡದ ಒಪ್ಪಿಗೆ ಪತ್ರದಲ್ಲೇ ಬರೆದು, ಸಹಿಗೆ ಮುನ್ನ ಓದಿ ಹೇಳಬೇಕು. ಹಣ ಬಾರದಿದ್ದರೆ ಮಾತು ಕೇಳಬೇಕಾದವರು ಸಂಶೋಧಕರಲ್ಲ, ಅದೇ ಊರಿಗೆ ಮತ್ತೆ ಹೋಗಬೇಕಾದ ವೈದ್ಯರು.

ಔಷಧ ಸೋತಿದ್ದರೂ ಅಂಕಿಅಂಶಗಳನ್ನು ಪಾಲ್ಗೊಂಡ ವೈದ್ಯರ ಮುಂದಿಟ್ಟು ಚರ್ಚಿಸಬೇಕು. ಪ್ರಶ್ನೆ ರೂಪಿಸುವುದರಿಂದ ಹಿಡಿದು ವಿಶ್ಲೇಷಣೆಯವರೆಗೆ ದುಡಿದವರ ಹೆಸರನ್ನು ಪ್ರಬಂಧದ ಲೇಖಕರ ಸಾಲಿನಲ್ಲಿಯೇ ಹಾಕಬೇಕು.