ಉರಿಮೂತ್ರ, ಕೀವು, ಭಯ: ಯಾರಿಗೆ ಹೇಳೋದು, ಎಲ್ಲಿಗೆ ಹೋಗೋದು

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಡ್ಡಿ ಮೇಲೆ ಹಳದಿ ಕಲೆ ಕಂಡಿತು. ಮೂತ್ರಕ್ಕೆ ಹೋದರೆ ಮೆಣಸಿನಕಾಯಿ ತಗಲಿದ ಹಾಗೆ ಉರಿ. ಐದು ದಿನದ ಹಿಂದೆ ಕಾಂಡೋಮ್ ಇಲ್ಲದೆ ಸಂಬಂಧ ಆಗಿತ್ತು. ಅಮ್ಮನಿಗೆ ಹೇಳುವ ಮಾತಲ್ಲ. ಸ್ನೇಹಿತರಿಗೆ ಹೇಳಲು ಧೈರ್ಯ ಸಾಲಲಿಲ್ಲ. ಆಗ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವುದನ್ನು ಈಗ ನಿಮಗೆ ಹೇಳುತ್ತಿದ್ದೇನೆ.

ಮೊದಲು ತಾರೀಖು ಬರೆದುಕೊಳ್ಳಿ. ಸಂಬಂಧ ಆದ ದಿನ, ತೊಂದರೆ ಶುರುವಾದ ದಿನ, ಏನಾದರೂ ಮಾತ್ರೆ ನುಂಗಿದ್ದರೆ ಅದರ ಹೆಸರು, ಯಾವ ಔಷಧಿ ನಿಮಗೆ ಆಗಿಬರುವುದಿಲ್ಲ ಅನ್ನುವುದು. ನಾನು ತೂಕದ ಚೀಟಿಯ ಹಿಂದೆ ಬರೆದು ಜೇಬಿಗೆ ಹಾಕಿಕೊಂಡಿದ್ದೆ. ಡಾಕ್ಟರ್ ಎದುರು ಕೂತಾಗ ಬಾಯಿ ಒಣಗುತ್ತದೆ, ಲೆಕ್ಕ ತಪ್ಪುತ್ತದೆ. ಈ ವಿಷಯದಲ್ಲಿ ಎಲ್ಲವೂ ನಡೆಯುವುದು ದಿನದ ಲೆಕ್ಕದ ಮೇಲೇ.

ಸಂಬಂಧ ಆಗಿ ಇನ್ನೂ 72 ಗಂಟೆ ದಾಟಿಲ್ಲ, ಎಚ್‌ಐವಿ ಭಯ ಇದೆ ಅಂದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಜಿಲ್ಲಾ ಆಸ್ಪತ್ರೆಗೆ ಹೊರಡಿ. ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ. ಸೋಂಕು ತಗಲದ ಹಾಗೆ ತಡೆಯುವ ಮಾತ್ರೆ ಇದೆ, ಅದನ್ನು ಪೆಪ್ ಅನ್ನುತ್ತಾರೆ. 28 ದಿನ ತೆಗೆದುಕೊಳ್ಳಬೇಕು. ನಿಮಗೆ ಅದು ಬೇಕಾ ಬೇಡವಾ ಅಂತ ಡಾಕ್ಟರ್ ಹೇಳುತ್ತಾರೆ. 72 ಗಂಟೆ ಕಳೆದ ಮೇಲೆ ಆ ದಾರಿ ಮುಚ್ಚಿದ ಹಾಗೆ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನಾನು ನೇರ ಮೆಡಿಕಲ್ ಶಾಪಿಗೆ ಹೋಗಿ, ಬೇರೆ ಗಿರಾಕಿ ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದೆ. ಮೂರು ದಿನದ ಮಾತ್ರೆ ಕೊಟ್ಟರು. ಉರಿ ಕಡಿಮೆಯಾಯಿತು, ಕೀವು ನಿಂತಿತು, ದೇವರಿಗೆ ಕೈ ಮುಗಿದೆ. ವಾರದೊಳಗೆ ಎರಡೂ ವಾಪಸ್ ಬಂದವು. ಅರ್ಧಂಬರ್ಧ ಮಾತ್ರೆಗೆ ಸೋಂಕು ಅಡಗುತ್ತದೆ, ಸಾಯುವುದಿಲ್ಲ. ಪರೀಕ್ಷೆಯಲ್ಲಿ ಸಿಗದೆ ತಪ್ಪಿಸಿಕೊಳ್ಳಲೂಬಹುದು. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ 'ಗುಪ್ತರೋಗಕ್ಕೆ ಗ್ಯಾರಂಟಿ' ಅಂತ ಅಂಟಿಸಿರುವ ನಂಬರಿಗಂತೂ ಫೋನ್ ಮಾಡಲೇಬೇಡಿ.

ಹತ್ತೊಂಬತ್ತನೇ ದಿನ ತುಮಕೂರಿನ ಬಸ್ ಹತ್ತಿದೆ. ನಮ್ಮೂರಲ್ಲಿ ಯಾರಾದರೂ ನೋಡಿದರೆ ಅನ್ನುವ ಭಯ. ನಿಮಗೂ ಹಾಗನ್ನಿಸಿದರೆ ಬೇರೆ ಊರಿಗೆ ಹೋಗಿ, ತಪ್ಪೇನಿಲ್ಲ. ಆದರೆ ಹೋಗಿ. ಚೀಟಿ ಮಾಡಿಸುವಾಗ 'ಚರ್ಮರೋಗ ವಿಭಾಗ' ಅಂದರೆ ಸಾಕು. ಲೈಂಗಿಕ ರೋಗ ನೋಡುವುದೂ ಅವರೇ. ಕಜ್ಜಿ, ಹುಳುಕಡ್ಡಿ ಅಂತ ಬಂದವರ ಸಾಲಿನಲ್ಲೇ ನೀವೂ ಕೂತಿರುತ್ತೀರಿ. ಹೆಣ್ಣುಮಕ್ಕಳು ಸ್ತ್ರೀರೋಗ ವಿಭಾಗಕ್ಕೆ ಹೋಗಬಹುದು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ.

ಒಳಗೆ ಕೂತಿದ್ದವರು ಲೇಡಿ ಡಾಕ್ಟರ್. ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ: 'ಮೇಡಂ, ಹತ್ತೊಂಬತ್ತು ದಿನದ ಹಿಂದೆ ಕಾಂಡೋಮ್ ಇಲ್ಲದೆ ಸಂಬಂಧ ಆಯ್ತು. ಉರಿಮೂತ್ರ ಇದೆ, ಕೀವು ಬರ್ತಿದೆ. ಮೆಡಿಕಲ್‌ನಲ್ಲಿ ಮಾತ್ರೆ ತಗೊಂಡಿದ್ದೆ.' ಅವರು ಜ್ವರ ಅಂತ ಹೇಳಿದರೆ ಬರೆದುಕೊಳ್ಳುವ ಹಾಗೇ ಬರೆದುಕೊಂಡರು. 'ಬಾಯಿ, ಹಿಂಭಾಗ ಏನಾದ್ರೂ?' ಅಂತ ಕೇಳಿದರು. ನಾಚಿಕೆಗೆ ಇದನ್ನು ಮುಚ್ಚಿಡಬೇಡಿ. ಸಂಬಂಧ ಯಾವ ರೀತಿ ಆಗಿತ್ತೋ ಆ ಜಾಗದಿಂದಲೇ ಮಾದರಿ ತೆಗೆಯಬೇಕಾಗುತ್ತದೆ.

ಕಡ್ಡಿಯಲ್ಲಿ ಕೀವು ತೆಗೆದು ಗಾಜಿನ ಮೇಲೆ ಸವರಿದರು. ಒಂದು ಕ್ಷಣ ಚುರುಕ್ ಅಂತು, ಅಷ್ಟೇ. ಬರುವ ಮುಂಚೆ ಒಂದೆರಡು ಗಂಟೆ ಮೂತ್ರಕ್ಕೆ ಹೋಗದೆ ಇದ್ದರೆ ಒಳ್ಳೆಯದು. ಮೂತ್ರ ಪರೀಕ್ಷೆ ಅಂದರೆ ಶುರುವಿನಲ್ಲಿ ಬರುವ ಮೂತ್ರವನ್ನೇ ಹಿಡಿಯಬೇಕು. ಬೂದು ಬಣ್ಣದ ಪೊಟ್ಟಣ ಕೊಟ್ಟು, ಮಾತ್ರೆಗಳನ್ನು ಅಲ್ಲೇ ನುಂಗಿಸಿದರು. ಕಾಸು ಕೇಳಲಿಲ್ಲ.

ಆಮೇಲೆ ಐಸಿಟಿಸಿಗೆ ಕಳಿಸಿದರು. ಎಚ್‌ಐವಿ ಪರೀಕ್ಷೆಯ ಕೋಣೆ ಅದು. ಆಪ್ತ ಸಮಾಲೋಚಕರು ಬಾಗಿಲು ಮುಚ್ಚಿಕೊಂಡು ಮಾತಾಡಿದರು. ರಕ್ತದ ಟ್ಯೂಬಿನ ಮೇಲೆ ಬರೆದಿದ್ದು ಬರೀ ನಂಬರ್. ನಿಮ್ಮ ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ. 2017ರ ಎಚ್‌ಐವಿ ಕಾಯ್ದೆಯೇ ಹಾಗೆ ಹೇಳುತ್ತದೆ. ಪಾಸಿಟಿವ್ ಬಂದರೂ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ದಿನಾ ತಪ್ಪದೆ ತಗೊಂಡವರು ಎಲ್ಲರ ಹಾಗೆ ದುಡಿದು ಬಾಳುತ್ತಿದ್ದಾರೆ.

ಅವತ್ತು ನನಗೆ ನೆಗೆಟಿವ್ ಬಂತು. ಖುಷಿಯಲ್ಲಿ ಏಳುವಷ್ಟರಲ್ಲಿ ಅವರು ಕೂರಿಸಿ ಹೇಳಿದರು: ಇದು ಮೊದಲ ಲೆಕ್ಕ, ಮೂರು ತಿಂಗಳು ತುಂಬಿದ ಮೇಲೆ ಇನ್ನೊಂದು ಸಲ ಬರಬೇಕು. ತೀರಾ ಬೇಗ ಮಾಡಿಸಿದ ಪರೀಕ್ಷೆ ಸೋಂಕಿದ್ದರೂ ಇಲ್ಲ ಅಂತ ತೋರಿಸಬಹುದು. ಸಂಬಂಧದಿಂದ ಹರಡುವ ಇನ್ನೊಂದು ರೋಗ ಸಿಫಿಲಿಸ್‌ಗೂ ಇದೇ ಮಾತು. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗೇ ಮಾಯುತ್ತದೆ. ಹುಣ್ಣು ಹೋದರೂ ರೋಗ ಒಳಗೇ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾದರೆ ಪೆನ್ಸಿಲಿನ್ ಇಂಜೆಕ್ಷನ್‌ನಿಂದ ವಾಸಿ ಮಾಡಬಹುದು. ಹೀಗೇ ಹರಡುವ, ಯಕೃತ್ತಿಗೆ ತಗಲುವ ಸೋಂಕು ಹೆಪಟೈಟಿಸ್ ಬಿ. ಅದರ ಪರೀಕ್ಷೆಯನ್ನೂ ನೀವೇ ಬಾಯಿಬಿಟ್ಟು ಕೇಳಿ.

ಇಷ್ಟೂ ಮಾಡುವುದಕ್ಕಿಂತ ಕಷ್ಟವಾಗಿದ್ದು, ಯಾರ ಜೊತೆ ಸಂಬಂಧ ಆಗಿತ್ತೋ ಅವಳಿಗೆ ಹೇಳುವುದು. ಎರಡು ಸಲ ಫೋನ್ ಕೈಗೆ ತಗೊಂಡು ಇಟ್ಟೆ. ಕೊನೆಗೆ, 'ನನಗೆ ಸೋಂಕಾಗಿದೆ, ಔಷಧಿ ತಗೊಂಡೆ. ನೀನೂ ತೋರಿಸ್ಕೋಬೇಕು. ಯಾರಿಂದ ಯಾರಿಗೆ ಅಂತ ನಾನು ಕೇಳಲ್ಲ' ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ನನಗೇನೂ ತೊಂದರೆ ಇಲ್ವಲ್ಲ' ಅಂದಳು. ಹೆಂಗಸರಲ್ಲಿ ಬಹಳ ಸಲ ಏನೂ ಗೊತ್ತಾಗುವುದಿಲ್ಲ, ಹಾಗೇ ಬಿಟ್ಟರೆ ಮುಂದೆ ಮಕ್ಕಳಾಗುವುದಕ್ಕೂ ತೊಂದರೆ ಆಗಬಹುದು ಅಂತ ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಮಾರನೇ ವಾರ ಅಕ್ಕನ ಜೊತೆ ಹೋಗಿ ಔಷಧಿ ತಗೊಂಡಳು. ಇಬ್ಬರದೂ ಚಿಕಿತ್ಸೆ ಮುಗಿದು ಏಳು ದಿನ ಆಗುವವರೆಗೆ ಸಂಬಂಧ ಬೇಡ. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಮತ್ತೆ ತಗಲುತ್ತದೆ.

ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಫೋಟೋ ಹುಡುಕಿ ಹುಡುಕಿ ನೋಡುತ್ತಿದ್ದರೆ, ಅದನ್ನು ಬಿಟ್ಟು 1097ಕ್ಕೆ ಫೋನ್ ಮಾಡಿ. ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ಮಂಡಿಯ ಗೋಡೆ ಕ್ಯಾಲೆಂಡರ್‌ನಲ್ಲಿ ಮೂರು ತಿಂಗಳು ತುಂಬುವ ದಿನಕ್ಕೆ ಸಣ್ಣದೊಂದು ಚುಕ್ಕಿ ಇಟ್ಟಿದ್ದೆ. 'ಏನೋ ಅದು?' ಅಂತ ಸಾಹುಕಾರರು ಕೇಳಿದರು. 'ಆಸ್ಪತ್ರೆ ಕೆಲಸ ಇದೆ, ಅವತ್ತು ರಜೆ ಬೇಕು' ಅಂದೆ. 'ಹೋಗ್ಬಾ' ಅಂದರು.