ಲೌರಾ ಮಾತು ಕೇಳಿ ಕೇಳಿ ಡಚ್ ಕಲಿತೆ

ಕೆಲಸಕ್ಕೆಂದು ನೆದರ್ಲೆಂಡ್ಸ್‌ನ ಐಂದೋವನ್‌ಗೆ ಬಂದ ಮೇಲೆ ಡಚ್ ಕ್ಲಾಸಿಗೆ ಸೇರಿದೆ. ವ್ಯಾಕರಣ ಬಂತು. ಆದರೆ ಅಂಗಡಿಯಲ್ಲಿ ಯಾರಾದರೂ ಮಾತಾಡಿಸಿದರೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಕಿವಿ ಪಳಗಿದ್ದು ಒಂದು ಧಾರಾವಾಹಿಯಿಂದ, ಅದರಲ್ಲೂ ಒಬ್ಬ ನಟಿಯಿಂದ.

ಧಾರಾವಾಹಿಯ ಹೆಸರು 'ಖೂದೆ ತೈಡನ್, ಸ್ಲೆಖ್ಟೆ ತೈಡನ್', ಅಂದರೆ ಒಳ್ಳೆ ಕಾಲ, ಕೆಟ್ಟ ಕಾಲ. ಆರ್‌ಟಿಎಲ್ 4 ಚಾನೆಲ್‌ನಲ್ಲಿ ವಾರದ ದಿನಗಳಲ್ಲಿ ರಾತ್ರಿ ಬರುತ್ತದೆ. ಶುರುವಾದದ್ದು 1990ರ ಅಕ್ಟೋಬರ್ 1ರಂದು. ಮೊದಮೊದಲ ಕಥೆಯನ್ನು ಆಸ್ಟ್ರೇಲಿಯಾದ ಹಳೆಯ ಧಾರಾವಾಹಿಯೊಂದರಿಂದ ತಗೊಂಡಿದ್ದರು. ಆಮೇಲೆ ಮೇರ್‌ಡೈಕ್ ಅನ್ನೋ ಕಲ್ಪನೆಯ ಊರಿನ ಜನ ತಮ್ಮದೇ ದಾರಿ ಹಿಡಿದರು.

ಇಲ್ಲಿಂದ ಹೆಸರು ಮಾಡಿ ಹೊರಟವರು ತುಂಬ ಜನ. ಆರ್ನಿಯ ಪಾತ್ರ ಮಾಡಿದ ರೈನೌಟ್ ಊರ್ಲೆಮನ್ಸ್ 2001ರಲ್ಲಿ ಐವರ್ಕ್ಸ್ ಅನ್ನೋ ನಿರ್ಮಾಣ ಸಂಸ್ಥೆ ಕಟ್ಟಿದರು. ಕಾತ್ಯಾ ಸ್ಖೂರ್‌ಮನ್ ಸಿನಿಮಾಕ್ಕೆ ಹೋದರು. ಆದರೆ ನಟಿ ಯೆಟ್ಟೆ ವಾನ್ ಡರ್ ಮೈ 1990ರಲ್ಲಿ ಲೌರಾ ಸೆಲ್ಮ್‌ಹೋರ್ಸ್ಟ್ ಪಾತ್ರ ಹಿಡಿದವರು, ದಶಕಗಳು ಕಳೆದರೂ ಲೌರಾ ಆಗಿಯೇ ಉಳಿದರು. ನನಗೆ ಬೇಕಿದ್ದದ್ದು ಅದೇ. ಒಬ್ಬರದೇ ದನಿಯಲ್ಲಿ ಸಿಟ್ಟು, ಅಳು, ಸಮಾಧಾನ, ಫೋನ್ ಮಾತು ಎಲ್ಲ ಸಿಗುತ್ತದೆ. ಮುಖ ನೋಡಿದರೇ ಅರ್ಧ ಅರ್ಥ ಆಗುತ್ತದೆ, ಉಳಿದರ್ಧಕ್ಕೆ ಮಾತ್ರ ಕಿವಿ ಕೊಟ್ಟರೆ ಸಾಕು.

ನಾನು ಮಾಡಿದ್ದು ಇಷ್ಟು. ಟಿವಿಯಲ್ಲಿ ಟೆಲಿಟೆಕ್ಸ್ಟ್, ಅಂದರೆ ತೆರೆಯ ಮೇಲೆ ಬರಹ ತೋರಿಸುವ ಸೇವೆಯ 888ನೇ ಪುಟ ಹಾಕಿಕೊಂಡೆ. ಕಿವಿ ಸರಿಯಾಗಿ ಕೇಳದವರಿಗೆಂದು ಅಲ್ಲಿ ಡಚ್ ಮಾತು ಡಚ್‌ನಲ್ಲೇ ಬರೆದು ಬರುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಕಡೆ ಹೋಗಲೇ ಇಲ್ಲ, ಅದಿದ್ದರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ರಾತ್ರಿ ಪೂರ್ತಿ ಕಂತು ಸುಮ್ನೆ ನೋಡುತ್ತಿದ್ದೆ. ಮರುದಿನ ವಿಡಿಯೋಲ್ಯಾಂಡ್ ಅನ್ನೋ ಸ್ಟ್ರೀಮಿಂಗ್ ಸೇವೆಯಲ್ಲಿ ಲೌರಾ ಇರುವ ಒಂದು ದೃಶ್ಯ ಮಾತ್ರ ಹಾಕಿ, ಅಕ್ಷರ ಮುಚ್ಚಿ, ಅವಳ ಜೊತೆಗೇ ಜೋರಾಗಿ ಹೇಳುತ್ತಿದ್ದೆ. ಅವಳು ಎಲ್ಲಿ ಉಸಿರು ತಗೊಳ್ಳುತ್ತಾಳೋ ಅಲ್ಲೇ ನಾನೂ.

ಆಗ ಒಂದು ವಿಷಯ ಗೊತ್ತಾಯಿತು. 888ರ ಬರಹ ಆಡಿದ ಮಾತಿಗಿಂತ ಚಿಕ್ಕದು. ಓದೋಕೆ ಸಮಯ ಸಾಲಲ್ಲ ಅಂತ ಚುಟುಕು ಮಾಡಿರುತ್ತಾರೆ. ನಮ್ಮ 'ಅಲ್ವಾ', 'ಕಣೋ', 'ಬಿಡು' ಇದ್ದ ಹಾಗಿನ ಪುಟ್ಟ ಪದಗಳು ಮೊದಲು ಹೋಗುತ್ತವೆ. ಮನುಷ್ಯರ ಮಾತು ಅನ್ನಿಸುವುದೇ ಅವುಗಳಿಂದ! ಲೌರಾ ಬಾಗಿಲಲ್ಲಿ ನಿಂತು ಮಗುವಿಗೆ ಹೇಳುವ ಹಾಗೆ ಏನೋ ಹೇಳಿದರೆ, ತೆರೆಯ ಮೇಲೆ ಬರೀ ಆಜ್ಞೆ ಕಾಣುತ್ತದೆ. ಆ ಮೆತ್ತನೆ ದನಿ ಕಲಿಯಬೇಕಾದರೆ ಕೇಳಲೇಬೇಕು.

ದಿನದ ಧಾರಾವಾಹಿಯ ಇನ್ನೊಂದು ಅನುಕೂಲವೂ ಇದೆ. ನಿನ್ನೆ ತಪ್ಪಿಸಿಕೊಂಡವರಿಗಾಗಿ ಒಂದೇ ಸುದ್ದಿಯನ್ನು ಅಡುಗೆಮನೆಯಲ್ಲಿ ಒಬ್ಬರು, ಆಫೀಸಿನಲ್ಲಿ ಇನ್ನೊಬ್ಬರು, ಬೇರೆ ಬೇರೆ ಮಾತಲ್ಲಿ ಮತ್ತೆ ಹೇಳುತ್ತಾರೆ. ಸಾಮಾನ್ಯ ನೋಡುಗರಿಗೆ ಬೇಜಾರಾಗಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಒಂದು ಎಚ್ಚರ. ಐಂದೋವನ್ ಇರೋದು ದಕ್ಷಿಣದ ಬ್ರಾಬಂಟ್ ಪ್ರಾಂತ್ಯದಲ್ಲಿ. ಡಚ್‌ನ g ಅಕ್ಷರದ 'ಖ' ದನಿ ಇಲ್ಲಿನವರ ಬಾಯಲ್ಲಿ ಮೃದು, ಟಿವಿಯಲ್ಲಿ ಅದು ಗಂಟಲಿಂದ ಕೆರೆದುಕೊಂಡು ಬರುತ್ತದೆ. ನಾನು ಟಿವಿಯವರ ವಾಕ್ಯ ಇಟ್ಟುಕೊಂಡು, ಉಚ್ಚಾರಣೆ ಮಾತ್ರ ಪಕ್ಕದ ಮನೆ ಅಜ್ಜಿಯ ಹಾಗೆ ಮಾಡಿಕೊಂಡೆ. ಬೇಸಿಗೆಯಲ್ಲಿ ದೊಡ್ಡ ಕುತೂಹಲವೊಂದನ್ನು ಹುಟ್ಟಿಸಿ ಧಾರಾವಾಹಿ ರಜೆಗೆ ಹೋಗುತ್ತದೆ. ಆ ವಾರಗಳಲ್ಲಿ ಯಾವಾಗಲೋ ನೋಡಿದ ಕಂತುಗಳನ್ನೇ ಅಕ್ಷರವಿಲ್ಲದೆ ಮತ್ತೆ ಹಾಕಿಕೊಳ್ಳಿ, ಕಥೆ ಗೊತ್ತಿರೋದರಿಂದ ಗಮನ ಪೂರ್ತಿ ಮಾತಿನ ಮೇಲೇ ಇರುತ್ತದೆ.