ಹಾರೆಯಿಂದ ಚಪ್ಪಡಿ ಮೀಟುವವರಿಗೆ

ಅಂಗಳದ ಚಪ್ಪಡಿ ಕಲ್ಲು ಎತ್ತಬೇಕಾದರೆ ನಾಲ್ಕು ಜನ ಸೇರಿ ಸೊಂಟ ಹಿಡಿಸಿಕೊಳ್ಳಬೇಡಿ. ಒಂದು ಹಾರೆ ಸಾಕು. ಹಾರೆಯ ತುದಿಯನ್ನು ಚಪ್ಪಡಿಯಡಿಗೆ ತೂರಿಸಿ, ಹಾರೆಯ ಕೆಳಗೆ ಕೊಡುವ ಆಸರೆ ಕಲ್ಲನ್ನು ಮಾತ್ರ ಚಪ್ಪಡಿಗೆ ಆದಷ್ಟು ಹತ್ತಿರ ಇಡಿ. 5 ಅಡಿ ಹಾರೆಗೆ ಆ ತುದಿಯಿಂದ ಅರ್ಧ ಅಡಿಯಲ್ಲಿ ಆಸರೆ ಕೊಟ್ಟರೆ ಕೈಯ ಕಡೆ ನಾಲ್ಕೂವರೆ ಅಡಿ ಉಳಿಯುತ್ತದೆ, ಅಂದರೆ 9 ಪಟ್ಟು. 90 ಕೆಜಿ ಭಾರಕ್ಕೆ ಹೆಚ್ಚುಕಮ್ಮಿ 10 ಕೆಜಿಯಷ್ಟು ಒತ್ತಿದರೆ ಆಯ್ತು. ಇದು ಸುಮ್ನೆ ಸಿಗುವುದಿಲ್ಲ. ಕಲ್ಲು 1 ಇಂಚು ಏಳಬೇಕಾದರೆ ಕೈ 9 ಇಂಚು ಇಳಿಯಬೇಕು. ಹಾಗಾಗಿ ಒಂದೇ ಸಲಕ್ಕೆ ಪೂರ್ತಿ ಎತ್ತಲು ಹೋಗಬೇಡಿ. ಸ್ವಲ್ಪ ಎದ್ದ ಕೂಡಲೇ ಇನ್ನೊಬ್ಬರು ಸಂದಿಗೆ ಮರದ ತುಂಡು ಕೊಡಲಿ. ಕೋಲಿನಿಂದಲೇ ತಳ್ಳಲಿ, ಬೆರಳು ಮಾತ್ರ ಒಳಗೆ ಹಾಕಲೇಬಾರದು. ಆಸರೆಗೆ ಇಟ್ಟಿಗೆ ಬೇಡ, ಒಡೆಯುತ್ತದೆ. ಮಣ್ಣು ಮೆತ್ತಗಿದ್ದರೆ ಆಸರೆ ಕಲ್ಲಿನಡಿಗೆ ಒಂದು ಹಲಗೆ ಹಾಕಿ.